ಕೊಂಡ ಪುಸ್ತಕ, ಕಡ ತಂದ ಪುಸ್ತಕ

ಹಿಂದೆ ಮನೆಗೊಂದು ಕರೆಯುವ ಹಸು ಕೊಳ್ಳಬೇಕಾದರೆ ಊರಿನ ಹತ್ತು ಮಂದಿ ಹತ್ತು ಬುದ್ಧಿ ಹೇಳುತ್ತಿದ್ದರು. ಈಗ ಹಸುವಿನ ಜಾಗಕ್ಕೆ ಯಂತ್ರಗಳು ಬಂದಿವೆ. ಬುದ್ಧಿ ಹೇಳುವವರ ಸಂಖ್ಯೆ ಮಾತ್ರ ಕಡಿಮೆಯಾಗಿಲ್ಲ. ಕಳೆದ ಬೇಸಗೆ ರಜೆಯಲ್ಲಿ ತೆಲಂಗಾಣದ ಜಹೀರಾಬಾದಿನಲ್ಲಿರುವ ನಮ್ಮ ತಂಗಿಯ ಮನೆಗೆ ಹೋದಾಗ ನಮ್ಮ ಪಾಲಿಗೆ ಬಂದುದು ಇಂತಹ ಒಂದು ಪಂಚಾಯಿತಿಕೆ.

ತಂಗಿಯ ಗಂಡ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಏಳನೆಯ ತರಗತಿ. ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ; ಮನೆಯಲ್ಲಿ ಕನ್ನಡ. ಮಾತಿಗೇನೂ ಕೊರತೆಯಿಲ್ಲ. ಆದರೆ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಅಕ್ಷರದ ಮೇಲೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಉತ್ತ ಗದ್ದೆಯ ಕೆಸರಿನಲ್ಲಿ ಕಾಲು ಕಿತ್ತಿಟ್ಟಂತೆ ಮುಂದೆ ಹೋಗುತ್ತಾಳೆ. ಇನ್ನು ಎರಡು ವರ್ಷ ಹೀಗೆಯೇ ಬಿಟ್ಟರೆ ಅವಳ ಕನ್ನಡ ಕಿವಿಯಲ್ಲಿ ಮಾತ್ರ ಉಳಿದು ಕಣ್ಣಿನಿಂದ ಹೊರಟುಹೋಗುವುದು ನಿಶ್ಚಯವೆಂದು ನಮಗೆ ಕಂಡಿತು. ತಂಗಿಗೂ ಅದು ಗೊತ್ತು.

ಮನೆಯಲ್ಲಿ ಕನ್ನಡ ಪುಸ್ತಕಗಳು ಒಂದು ಅಡ್ಡೆಯಷ್ಟೂ ಇಲ್ಲ. ಆದುದರಿಂದ ಓದುವ ಯಂತ್ರವೊಂದನ್ನು ತರಬೇಕೆಂಬ ಮಾತು ಎದ್ದಿತ್ತು. ಭಾವನವರಿಗೆ ಕಿಂಡಲ್ ಕೊಳ್ಳುವ ಆಸೆ. ದುಬಾಯಿಯಲ್ಲಿರುವ ಅವರ ತಮ್ಮ, ತಾನು ಕೋಬೋ ಕಳುಹಿಸುತ್ತೇನೆ, ಅದರಲ್ಲಿ ಗ್ರಂಥಾಲಯದ ಪುಸ್ತಕವೂ ಬರುತ್ತದೆ ಎಂದು ಫೋನಿನಲ್ಲಿ ಹಟ ಹಿಡಿದಿದ್ದ. ತಂಗಿಯದು ಬೇರೆಯೇ ವಾದ.

"ಅಣ್ಣ, ಯಂತ್ರವೂ ಬೇಡ, ಮಣ್ಣೂ ಬೇಡ. ನನ್ನ ಮೊಬೈಲಿನಲ್ಲಿಯೇ ಲೈಬ್ರರಿ ಉಂಟು. ದುಡ್ಡಿಲ್ಲದೆ ಪುಸ್ತಕ ಕಡ ಸಿಗುತ್ತದೆ. ಸಾವಿರಾರು ರೂಪಾಯಿ ಯಾಕೆ ಹಾಳು ಮಾಡಬೇಕು?"

"ಭಾವ, ನೀವು ಮಕ್ಕಳಿಗೆ ಪಾಠ ಹೇಳುವವರು. ನೀವೇ ಒಂದು ತೀರ್ಮಾನ ಹೇಳಿ" ಎಂದರು ಭಾವನವರು. ಓದಬೇಕಾದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ನಾವೂ ಮೊದಲು ಕೇಳಲಿಲ್ಲ.

ಎರಡು ಗಡಿ, ಒಂದೇ ದಿನ

ಜಹೀರಾಬಾದ್ ಎಂದರೆ ನಮ್ಮವರಿಗೆ ಎಲ್ಲಿಯೋ ದೂರದ ಊರು ಎನಿಸಬಹುದು. ಆದರೆ ಅದರ ಚರಿತ್ರೆ ನಮ್ಮ ಚರಿತ್ರೆಯ ಅವಳಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ, ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳೂ ಅತ್ತ ಹೋದವು. ಜಹೀರಾಬಾದ್ ತಾಲೂಕಿನ ನಿರ್ಣಾ ವೃತ್ತವೊಂದು ಮಾತ್ರ ಅಂದಿನ ಮೈಸೂರು ರಾಜ್ಯಕ್ಕೆ ಉಳಿಯಿತು. 2014ರಲ್ಲಿ ತೆಲಂಗಾಣವಾದ ಮೇಲೆ ಆ ಊರುಗಳು ಆ ರಾಜ್ಯದವಾದವು. ಬೀದರ ಇಲ್ಲಿಂದ ಸುಮಾರು 30 ಕಿಲೋಮೀಟರ್. ಸಂತೆಗೆ, ನೆಂಟಸ್ತಿಕೆಗೆ ಜನ ಈಗಲೂ ಅತ್ತಿತ್ತ ಓಡಾಡುತ್ತಾರೆ. ಪುಸ್ತಕಗಳು ಮಾತ್ರ ಅಷ್ಟು ಸಲೀಸಾಗಿ ಗಡಿ ದಾಟುವುದಿಲ್ಲ.

ಕೇರಳದಲ್ಲಿ 2017ರ ಕಾಯಿದೆ ಮಲಯಾಳವನ್ನೂ ತೆಲಂಗಾಣದಲ್ಲಿ 2018ರ ಕಾಯಿದೆ ತೆಲುಗನ್ನೂ ಶಾಲೆಗಳಲ್ಲಿ ಕಡ್ಡಾಯ ಕಲಿಕೆಯ ಭಾಷೆಯನ್ನಾಗಿ ಮಾಡಿದವು. ಇರುವ ನಾಡಿನ ಭಾಷೆಯನ್ನು ಕಲಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಅದು ಬೇಕಾದುದೇ. ಆದರೆ ಶಾಲೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದ ಮಗುವಿಗೆ ಮನೆಯೇ ಶಾಲೆಯಾಗಬೇಕು, ಮನೆಯೇ ಗ್ರಂಥಾಲಯವೂ ಆಗಬೇಕು. ಹೀಗಿರಲು, ಯಾವ ಯಂತ್ರ ಕೊಳ್ಳಬೇಕೆಂಬುದು ಕೇವಲ ಅಂಗಡಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಯಂತ್ರದ ಗುಣದೋಷ

ಓದುವುದಕ್ಕೆಂದೇ ಮಾಡಿದ ಯಂತ್ರಗಳ ಪರದೆ ಮೊಬೈಲಿನ ಪರದೆಯಂತಲ್ಲ. ಅದಕ್ಕೆ ಇ-ಇಂಕ್ ಎನ್ನುತ್ತಾರೆ. ಪರದೆಯೊಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳು. ಪ್ರತಿಯೊಂದು ಗುಳಿಗೆಯಲ್ಲಿ ವಿರುದ್ಧ ವಿದ್ಯುದಾವೇಶದ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ತು ಹಾಯಿಸಿದಾಗ ಕಪ್ಪು ಮೇಲೆ ಬಂದರೆ ಅಕ್ಷರ, ಬಿಳಿ ಮೇಲೆ ಬಂದರೆ ಕಾಗದ. ಪುಟ ತಿರುವಿದಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕು. ಆದುದರಿಂದ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ಬಿಸಿಲಿನಲ್ಲಿಯೂ ಓದಬಹುದು, ಕಣ್ಣಿಗೆ ಶ್ರಮ ಕಡಿಮೆ. ಅಮೆರಿಕದ ಎಂ.ಐ.ಟಿ.ಯಲ್ಲಿ ನಡೆದ ಸಂಶೋಧನೆಯಿಂದ 1997ರಲ್ಲಿ ಇದಕ್ಕೊಂದು ಕಂಪೆನಿ ಹುಟ್ಟಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪೆನಿ ಇಂತಹ ಪರದೆಯ ಓದುಯಂತ್ರವನ್ನು ಮಾರುಕಟ್ಟೆಗೆ ತಂದಿತು. 2007ರಲ್ಲಿ ಅಮೆಜಾನಿನ ಕಿಂಡಲ್ ಬಂದಿತು. ಭಾರತದಲ್ಲಿ ಅದರ ಅಂಗಡಿ ತೆರೆದುದು 2012ರಲ್ಲಿ. ಕೋಬೋ ಕೆನಡಾದ ಕೂಸು. 2012ರಲ್ಲಿ ಜಪಾನಿನ ರಾಕುಟೆನ್ ಕಂಪೆನಿಯ ಕೈ ಸೇರಿತು.

ಇವೆರಡರ ಮುಖ್ಯ ವ್ಯತ್ಯಾಸ ಪರದೆಯಲ್ಲಿಲ್ಲ, ಬಾಗಿಲಿನಲ್ಲಿದೆ. ಲೋಕದ ಬಹುಪಾಲು ಇ-ಪುಸ್ತಕಗಳು ಇ-ಪಬ್ ಎಂಬ ಸಾಮಾನ್ಯ ರೂಪದಲ್ಲಿ ಬರುತ್ತವೆ. ಕೋಬೋ ಇ-ಪಬ್ ಕಡತವನ್ನು ನೇರವಾಗಿ ತೆರೆಯುತ್ತದೆ. ಕಿಂಡಲಿಗೆ ತನ್ನದೇ ರೂಪ. 2022ರಿಂದೀಚೆಗೆ ಇ-ಪಬ್ ಕಳುಹಿಸಿದರೆ ಅದು ಕಂಪೆನಿಯ ಯಂತ್ರಾಗಾರದ ಮೂಲಕ ರೂಪಾಂತರವಾಗಿ ಒಳಗೆ ಬರುತ್ತದೆ. ಕೋಬೋದಲ್ಲಿ ಓವರ್‌ಡ್ರೈವ್ ಎಂಬ ಜಾಲದ ಮೂಲಕ ಗ್ರಂಥಾಲಯದ ಪುಸ್ತಕ ಕಡ ತರುವ ವ್ಯವಸ್ಥೆಯೂ ಇದೆ. ಕಿಂಡಲಿಗೆ ಆ ಸೌಕರ್ಯ 2011ರಲ್ಲಿ ಬಂದರೂ ಅದು ಅಮೆರಿಕದ ಗ್ರಂಥಾಲಯಗಳಿಗಷ್ಟೇ. ದುಬಾಯಿಯ ತಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ನಾವು ಸದಸ್ಯರಾಗಿರುವ ಗ್ರಂಥಾಲಯ ಆ ಜಾಲದಲ್ಲಿ ಇದ್ದರೆ ತಾನೇ ಅದರ ಪ್ರಯೋಜನ? ಇಲ್ಲದಿದ್ದರೆ ಬಾವಿಯಿಲ್ಲದ ಮನೆಗೆ ರಾಟೆ ತಂದಂತೆ.

ಅಂಗಡಿಯಲ್ಲಿ ಇಲ್ಲದ ಭಾಷೆ

ಇನ್ನು ಕನ್ನಡದ ಮಾತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪೆನಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಆರಿಸಿಕೊಂಡುದು ಐದು ಭಾಷೆಗಳನ್ನು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ತೆಲುಗೂ ಇರಲಿಲ್ಲ. ಎಂದರೆ ಅಂದು ಕಾಸರಗೋಡಿನ ಒಂದು ಮನೆಗೆ ಕಿಂಡಲ್ ತಂದಿದ್ದರೆ ನೆರೆಮನೆಯವರ ಭಾಷೆಯ ಪುಸ್ತಕ ಅದರಲ್ಲಿ ಸಿಗುತ್ತಿತ್ತು, ಮನೆಯ ಭಾಷೆಯದು ಸಿಗುತ್ತಿರಲಿಲ್ಲ. ಕನ್ನಡದ ಇ-ಪುಸ್ತಕಗಳಿಗೆ ಗೂಗಲಿನ ಪುಸ್ತಕದಂಗಡಿಯೂ 2020ರಲ್ಲಿ ಆರಂಭವಾದ ಮೈಲ್ಯಾಂಗ್‌ನಂತಹ ಕನ್ನಡದವರದೇ ಅಂಗಡಿಗಳೂ ದಾರಿ ಮಾಡಿಕೊಟ್ಟವು. ಆದರೆ ಇವು ಮೊಬೈಲಿನ ಆ್ಯಪಿನಲ್ಲಿ ಓದುವಂಥವು. ಆ್ಯಪು ಹಾಕಲು ಬರುವ ಆಂಡ್ರಾಯ್ಡ್ ಮಾದರಿಯ ಇ-ಇಂಕ್ ಯಂತ್ರಗಳೂ ಇವೆ. ಬೆಲೆ ತುಸು ಮೇಲೆ.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಯುನಿಕೋಡ್ ಎಂಬ ಜಾಗತಿಕ ಅಕ್ಷರ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ, ನಮ್ಮ ಮುದ್ರಣಾಲಯಗಳು ಬಹುಕಾಲ ಬಳಸಿದುದು ಬೇರೆ ಬಗೆಯ ಅಕ್ಷರಗಳನ್ನು. ಅವುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಅಕ್ಷರ ಇಲ್ಲದ ಯಂತ್ರದಲ್ಲಿ ತೆರೆದರೆ ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಹಳೆಯ ಪುಸ್ತಕಗಳನ್ನು ಇ-ಪುಸ್ತಕ ಮಾಡಬೇಕಾದರೆ ಅವನ್ನೆಲ್ಲ ಪರಿವರ್ತಿಸಿ, ಮತ್ತೆ ಕರಡು ತಿದ್ದಬೇಕು. ಕನ್ನಡ ಇ-ಪುಸ್ತಕಗಳ ದಾರಿ ನಿಧಾನವಾಗಲು ಇದೂ ಒಂದು ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ದಾನಿಗಳೊಬ್ಬರು ಓದುವ ಯಂತ್ರವೊಂದನ್ನು ಕೊಟ್ಟರು. ಯಾವ ಕಂಪೆನಿಯದೆಂದು ಹೇಳುವ ಅಗತ್ಯವಿಲ್ಲ. ಹಾರ ಹಾಕಿ ಸ್ವೀಕರಿಸಿದೆವು. ಮರುದಿನ ಕನ್ನಡ ಕಡತ ತೆರೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಅರ್ಕಾವತ್ತು ಎಲ್ಲಿಯೋ, ಕೊಂಬು ಎಲ್ಲಿಯೋ. "ಸಾರ್, ಇದು ಕನ್ನಡವೋ?" ಎಂದು ಒಬ್ಬ ಹುಡುಗ ಕೇಳಿದ. ಯಂತ್ರ ಕಪಾಟು ಸೇರಿತು. ಅಂದಿನಿಂದ ನಾವು ಒಂದು ವಾಕ್ಯವನ್ನು ಬರೆದಿಟ್ಟುಕೊಂಡಿದ್ದೇವೆ: "ರಾಷ್ಟ್ರಕವಿಗಳ ಸ್ತ್ರೀಪಾತ್ರಗಳಲ್ಲಿ ವೈಶಿಷ್ಟ್ಯವೂ ಸೂರ್ಯೋದಯದಲ್ಲಿ ಸೌಂದರ್ಯವೂ ಕೂಡಿವೆ." ಅರ್ಥದ ಚೆಲುವಿಗಾಗಿ ಬರೆದುದಲ್ಲ; ಒತ್ತು, ಮೂರು ವ್ಯಂಜನದ ಕೂಟ, ಅರ್ಕಾವತ್ತು ಎಲ್ಲವೂ ಇದರಲ್ಲಿ ಇವೆ. ಯಾವ ಯಂತ್ರವನ್ನೇ ಆಗಲಿ ಹಣ ಕೊಡುವ ಮೊದಲು ಈ ವಾಕ್ಯದ ಕಡತವನ್ನು ತೆರೆದು ನೋಡಬೇಕು. ತೆರೆಯಲು ಬಿಡದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಬೇಕು.

ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಆರು ಇಂಚಿನ ಪರದೆ ಎಂದರೆ ಅಗಲ ಸುಮಾರು 3.6 ಇಂಚು, ಉದ್ದ 4.8 ಇಂಚು. ನಮ್ಮ ಡೆಮಿ ಆಕಾರದ ಪುಸ್ತಕದ ಪುಟ ಐದೂವರೆಗೆ ಎಂಟೂವರೆ ಇಂಚು. ಅಕ್ಷರ ಜೋಡಿಸಿದ ಇ-ಪಬ್ ಆದರೆ ಪರದೆಗೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಆದರೆ ಹಳೆಯ ಪುಸ್ತಕದ ಪುಟವನ್ನು ಫೋಟೋ ಹಿಡಿದ ಪಿ.ಡಿ.ಎಫ್. ಆದರೆ ಪುಟವೇ ಅರ್ಧಕ್ಕಿಂತ ಸ್ವಲ್ಪ ಮೇಲಿನ ಅಳತೆಗೆ ಕುಗ್ಗುತ್ತದೆ. ಉಚಿತವಾಗಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಇಂತಹ ಫೋಟೋ ಪುಟಗಳೇ. ಅವಕ್ಕೆ ಹತ್ತು ಇಂಚಿನ ಸಾಮಾನ್ಯ ಟ್ಯಾಬೇ ವಾಸಿ.

ಹದಿನೈದನೆಯ ಬೆಳಗ್ಗೆ

ಇಷ್ಟೆಲ್ಲ ಲೆಕ್ಕ ಹಾಕಿ ನಾವು ತಂಗಿಯ ಕಡೆಗೆ ವಾಲಿದ್ದೆವು. ಪುಕ್ಕಟೆ ಸಿಗುವಾಗ ಕೊಳ್ಳುವುದೇಕೆ? ನಾವು ಹೋಗುವ ಮೊದಲೇ ಆಕೆ ಒಂದು ಗ್ರಂಥಾಲಯದ ಆ್ಯಪಿನಿಂದ ಮಗಳಿಗೆಂದು ಮಕ್ಕಳ ಕಾದಂಬರಿಯೊಂದನ್ನು ಕಡ ತಂದಿದ್ದಳು. ರಾತ್ರಿ ಊಟವಾದ ಮೇಲೆ ಸೊಸೆ ನಮ್ಮ ಹತ್ತಿರ ಕುಳಿತು ಎರಡು ಪುಟ ಓದುವುದು ರೂಢಿಯಾಯಿತು. ಮೊದಲ ದಿನ ಎರಡು ಪುಟಕ್ಕೆ ಮುಕ್ಕಾಲು ಗಂಟೆ. ನಾಲ್ಕೈದು ದಿನದಲ್ಲಿ ಅರ್ಧ ಗಂಟೆ. ಕಥೆಯಲ್ಲಿ ಒಂದು ದೋಣಿ ಹೊಳೆಯ ನಡುವೆ ಸಿಕ್ಕಿಬಿದ್ದಿತ್ತು. "ಮಾವ, ನಾಳೆ ದೋಣಿ ಮುಳುಗುತ್ತದಾ?" ಎಂದು ಕೇಳಿ ಮಲಗಿದಳು.

ಮರುದಿನ ಬೆಳಗ್ಗೆ ಮೊಬೈಲು ತೆರೆದರೆ ಪುಸ್ತಕವಿಲ್ಲ. ಕಡದ ಗಡುವು ಹದಿನಾಲ್ಕು ದಿನ. ಹದಿನೈದನೆಯ ಬೆಳಗ್ಗೆ ಅದು ತಾನಾಗಿ ಹಿಂದಕ್ಕೆ ಹೋಗಿತ್ತು. ಮತ್ತೆ ಬೇಡಿದರೆ ಬೇರೆಯವರು ತೆಗೆದುಕೊಂಡಿದ್ದಾರೆ, ಸರತಿಯಲ್ಲಿ ಕಾಯಿರಿ ಎಂಬ ಉತ್ತರ. ಹುಡುಗಿ ಅಳಲಿಲ್ಲ. "ಹೋಗಲಿ ಬಿಡು ಮಾವ, ಇಂಗ್ಲಿಷಿನಲ್ಲಿ ಬೇರೆ ಕಥೆ ಉಂಟು" ಎಂದಳು. ಅತ್ತಿದ್ದರೆ ನಮಗೆ ಇಷ್ಟು ಚಿಂತೆಯಾಗುತ್ತಿರಲಿಲ್ಲ.

ಪಸ್ತಾಪುರದ ಬೀಜದ ಬುಟ್ಟಿ

ಅದೇ ದಿನ ತಂಗಿ ನಮ್ಮನ್ನು ಹತ್ತಿರದ ಪಸ್ತಾಪುರಕ್ಕೆ ಕರೆದುಕೊಂಡು ಹೋದಳು. ಪೇಟೆಯಿಂದ ಆಟೋದಲ್ಲಿ ಸ್ವಲ್ಪ ದೂರ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಸುತ್ತಮುತ್ತಲಿನ ಹಳ್ಳಿಗಳ ಬಡ ಹೆಂಗಸರ, ಅದರಲ್ಲಿಯೂ ದಲಿತ ಹೆಂಗಸರ, ಸಂಘಗಳೊಂದಿಗೆ ಕೆಲಸ ಮಾಡುತ್ತ ಬಂದಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ ಸಂಘಂ ರೇಡಿಯೋ ಇವರದೇ; ನಡೆಸುವವರು ಹಳ್ಳಿಯ ಹೆಂಗಸರೇ. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು.

ನಾವು ನೋಡಲು ಹೋದುದು ಬೀಜದ ಬುಟ್ಟಿಗಳನ್ನು. ಬಿದಿರ ಬುಟ್ಟಿಗೆ ಮಣ್ಣು ಸಗಣಿ ಮೆತ್ತಿ, ಒಳಗೆ ಬೂದಿ, ಬೇವಿನ ಎಲೆ ಹಾಕಿ ಜೋಳ, ಸಜ್ಜೆ, ನವಣೆ, ತೊಗರಿಯ ಬೀಜಗಳನ್ನು ಕಾಪಾಡುತ್ತಾರೆ. ಬಿತ್ತನೆಯ ಹೊತ್ತಿಗೆ ಬೀಜ ಇಲ್ಲದವಳಿಗೆ ಇದ್ದವಳು ಕಡ ಕೊಡುತ್ತಾಳೆ. ದುಡ್ಡಿನ ಮಾತಿಲ್ಲ. ಸುಗ್ಗಿಯಾದ ಮೇಲೆ ಒಂದಕ್ಕೆ ಒಂದೂವರೆಯೋ ಎರಡೋ ಪಾಲು ಹಿಂದಕ್ಕೆ ಕೊಡಬೇಕು. ಹಾಗೆ ಬಂದುದು ಮತ್ತೊಬ್ಬಳ ಹೊಲಕ್ಕೆ ಹೋಗುತ್ತದೆ.

"ಸುಗ್ಗಿಯೊಳಗೆ ಕೊಡಲಾಗದಿದ್ದರೆ?" ಎಂದು ನಾವು ಕೇಳಿದೆವು. ಮುದುಕಿಯೊಬ್ಬಳು ನಕ್ಕು ತೆಲುಗಿನಲ್ಲಿ ಏನೋ ಹೇಳಿದಳು. ತಂಗಿ ಕನ್ನಡಿಸಿದಳು: ಮಳೆ ಕೈಕೊಟ್ಟರೆ ಮುಂದಿನ ವರ್ಷ. ಬೀಜ ಕೊಡುವುದು ಬೆಳೆಯಲಿ ಎಂದು. ಬೆಳೆಯುವ ಮೊದಲೇ ಕಿತ್ತುಕೊಂಡರೆ ಕೊಟ್ಟದ್ದೇಕೆ?

ನಮಗೆ ಬೆಳಗಿನ ಮೊಬೈಲು ನೆನಪಾಯಿತು. ಹದಿನಾಲ್ಕು ದಿನ ಎಂಬ ಗಡುವು ಓದುಬಲ್ಲವನ ಗಡುವು. ತಂಗಿ ಒಂದು ಕಾದಂಬರಿಯನ್ನು ನಾಲ್ಕು ದಿನದಲ್ಲಿ ಮುಗಿಸುತ್ತಾಳೆ. ಅವಳಿಗೆ ಕಡದ ಪುಸ್ತಕ ಸಾಕು. ಆದರೆ ಶಾಲೆಯಲ್ಲಿ ಕನ್ನಡವಿಲ್ಲದೆ, ಮನೆಯಲ್ಲಿ ಅಕ್ಷರ ಕೂಡಿಸಿ ಓದುವ ಮಗುವಿಗೆ ಅದು ಎಲ್ಲಿ ಸಾಕು? ನಾವು ಟಿ.ಸಿ.ಎಚ್. ತರಬೇತಿಯಲ್ಲಿದ್ದಾಗ ಗುರುಗಳೊಬ್ಬರು ಹೇಳುತ್ತಿದ್ದರು: ಮಗುವಿಗೆ ಓದು ಬರುವುದು ಹೊಸ ಪುಸ್ತಕದಿಂದಲ್ಲ, ಅದೇ ಪುಸ್ತಕವನ್ನು ಮೂರನೆಯ ಸಲ ಓದುವುದರಿಂದ. ಮೂರನೆಯ ಸಲಕ್ಕೆ ಪುಸ್ತಕ ಮನೆಯಲ್ಲಿಯೇ ಇರಬೇಕಲ್ಲವೇ?

ಕೊಂಡದ್ದಾದರೂ ನಮ್ಮದೇ?

ಹಾಗಾದರೆ ಕೊಂಡುಬಿಡೋಣ ಎನ್ನಬಹುದು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಕೊಂಡ ಕಾಗದದ ಪುಸ್ತಕ ನಮ್ಮ ಸ್ವತ್ತು. ನೆರೆಮನೆಗೆ ಕೊಡಬಹುದು, ಮೊಮ್ಮಗನಿಗೆ ಬಿಟ್ಟುಹೋಗಬಹುದು. ಇ-ಪುಸ್ತಕದ ಅಂಗಡಿಗಳು ಹೆಚ್ಚಾಗಿ ಮಾರುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. 2009ರ ಜುಲೈಯಲ್ಲಿ ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳನ್ನು ಹಕ್ಕಿಲ್ಲದವರು ಮಾರಿದ್ದರೆಂದು ತಿಳಿದಾಗ ಅಮೆಜಾನ್ ಕಂಪೆನಿ ಅವನ್ನು ಕೊಂಡವರ ಕಿಂಡಲುಗಳೊಳಗಿಂದಲೇ ಅಳಿಸಿತು. ಹಣ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೂ ಹೋದವು. ಅಲ್ಲಿಯೂ ಹಣ ಮರಳಿತು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ತಂತಿಯ ಮೂಲಕ ಕಿಂಡಲಿಗೆ ಹಾಕಿಕೊಳ್ಳುವ ಸೌಕರ್ಯವನ್ನು ನಿಲ್ಲಿಸಿತು.

ಗ್ರಂಥಾಲಯಗಳ ಗತಿಯೂ ಅಷ್ಟೇ. 2011ರಲ್ಲಿ ಹಾರ್ಪರ್ ಕಾಲಿನ್ಸ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಗ್ರಂಥಾಲಯಗಳಿಗೆ ಒಂದು ನಿಯಮ ಮಾಡಿತು: ಒಂದು ಇ-ಪುಸ್ತಕವನ್ನು 26 ಸಲ ಕಡ ಕೊಟ್ಟಾದ ಮೇಲೆ ಅದರ ಆಯುಸ್ಸು ತೀರಿತು, ಮತ್ತೆ ಕೊಳ್ಳಬೇಕು. ಹರಿಯದ, ಮಾಸದ ಪುಸ್ತಕಕ್ಕೆ ಮಾಡಿದ ಸಾವು! ಪ್ರಕಾಶಕರೂ ಬದುಕಬೇಕು, ಬರೆದವನಿಗೂ ಸಂಭಾವನೆ ಬೇಕು ಎಂಬುದು ನಿಜವೇ. ಆದರೂ ಪ್ರತಿವರ್ಷ ಅಂಗಡಿಯಿಂದಲೇ ಕೊಳ್ಳಬೇಕಾದ ಸಂಕರ ಬೀಜಕ್ಕೂ ಬುಟ್ಟಿಯಲ್ಲಿಟ್ಟು ಮರುವರ್ಷ ಬಿತ್ತುವ ಮನೆಬೀಜಕ್ಕೂ ಇರುವ ಭೇದ ಇಲ್ಲಿಯೂ ಉಂಟೆಂದು ನಮಗೆ ಪಸ್ತಾಪುರದಲ್ಲಿ ತೋರಿತು.

ನಮ್ಮದೇ ಆದ ಬೀಜಗಳು

ಅದೃಷ್ಟವಶಾತ್ ಕನ್ನಡಕ್ಕೆ ಮನೆಬೀಜಗಳು ಇಲ್ಲದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ, ಅವನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಎಲ್ಲರ ಸ್ವತ್ತು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡುದು 1963ರ ಸೆಪ್ಟೆಂಬರಿನಲ್ಲಿ. ಲೆಕ್ಕ ಹಾಕಿದರೆ 2024ರ ಜನವರಿ 1ರಿಂದ ಅವರ ಅಂತಹ ಕೃತಿಗಳನ್ನು ಯಾರೂ ಅಚ್ಚು ಹಾಕಬಹುದು, ಟೈಪು ಮಾಡಿ ಹಂಚಬಹುದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಕಥೆ, ಹಾಡುಗಳಂತೂ ಎಂದೋ ನಮ್ಮವಾದವು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡುದು 2015ರಲ್ಲಿ. ಅವರ ಕೃತಿಗಳ ಹಕ್ಕು 2075ರ ಕೊನೆಯವರೆಗೆ ಇರುವುದರಿಂದ ಅವನ್ನು ಕೊಂಡೇ ಓದಬೇಕು, ಅದೇ ಧರ್ಮ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳಾಗಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬಹಳಷ್ಟು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಫೋಟೋ ಹಿಡಿದಿಟ್ಟರು. ಮುಂದೆ ಆ ಮೂಲ ತಾಣ ನಿಂತುಹೋದರೂ ಪುಸ್ತಕಗಳು ಅಮೆರಿಕದ ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದುಕೊಂಡವು. ಒಂದೇ ಬೀಜ ಹತ್ತು ಮನೆಗಳ ಬುಟ್ಟಿಯಲ್ಲಿರಬೇಕು ಎಂಬ ಹಳ್ಳಿಯ ನೀತಿ ಇಲ್ಲಿಯೂ ಸತ್ಯವಾಯಿತು. ಕನ್ನಡ ವಿಕಿಸೋರ್ಸಿನಲ್ಲಿ ಸ್ವಯಂಸೇವಕರು ಹಳೆಯ ಕೃತಿಗಳನ್ನು ಯುನಿಕೋಡಿನಲ್ಲಿ ಟೈಪು ಮಾಡುತ್ತಿದ್ದಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಚಿತ್ರಪುಸ್ತಕಗಳು ಓದಿನ ನಾಲ್ಕು ಹಂತಗಳಲ್ಲಿ ಕನ್ನಡದಲ್ಲಿಯೂ ಇವೆ. ಅವನ್ನು ಇಳಿಸಿಕೊಳ್ಳಲು, ಅಚ್ಚು ಹಾಕಲು, ಹಂಚಲು ಲೈಸೆನ್ಸಿನಲ್ಲಿಯೇ ಅನುಮತಿ ಇದೆ. ಗಡುವಿಲ್ಲ, ಸರತಿಯಿಲ್ಲ.

ಕಡ ಕೊಡುವ ಕಪಾಟುಗಳನ್ನೂ ಮರೆಯಬಾರದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರ ಫೆಬ್ರವರಿಯಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಮುಂದಿನ ತಿಂಗಳೇ ಬಂದ ಲಾಕ್‌ಡೌನಿನಲ್ಲಿ ಅದು ಅನೇಕರಿಗೆ ಆಸರೆಯಾಯಿತು. ಬೀದರಕ್ಕೋ ಮಂಗಳೂರಿಗೋ ಹೋದಾಗ ಅಲ್ಲಿಯ ಗ್ರಂಥಾಲಯದ ಸಿಬ್ಬಂದಿಯನ್ನು ಕೇಳಿ ನೋಂದಣಿಯ ಕ್ರಮ ತಿಳಿದುಕೊಳ್ಳುವುದು ಒಳ್ಳೆಯದು. 2023ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಿದ ಮಕ್ಕಳ ರಾಷ್ಟ್ರೀಯ ಇ-ಪುಸ್ತಕಾಲಯವನ್ನು ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುತ್ತಿದೆ. ಖರಗಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ದೇಶಕ್ಕೆ ಅರ್ಪಿಸಿದುದು 2018ರ ಜೂನ್ 19ರಂದು. ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ನಮ್ಮ ಶಾಲೆಗಳಲ್ಲಿ ಆಚರಿಸುವ ವಾಚನ ದಿನವೂ ಅದೇ.

ತೀರ್ಮಾನ

ಪಂಚಾಯಿತಿಕೆಗೆ ಕೂತವರು ತೀರ್ಪು ಹೇಳದೆ ಏಳಬಾರದು. ಈ ಸಲ ಹುಡುಗಿಯನ್ನೂ ಕೂರಿಸಿಕೊಂಡೆವು. "ನಿನಗೆ ಯಾವುದು ಬೇಕು?" ಎಂದು ಕೇಳಿದಾಗ ಅವಳು ಯಂತ್ರದ ಹೆಸರು ಹೇಳಲಿಲ್ಲ. "ದೋಣಿಯ ಪುಸ್ತಕ ಬೇಕು" ಎಂದಳು.

ಆದುದರಿಂದ ಮೊದಲನೆಯದಾಗಿ ಆ ಪುಸ್ತಕದ ಅಚ್ಚಿನ ಪ್ರತಿಯನ್ನು ಅಂಚೆಯಲ್ಲಿ ತರಿಸಿದೆವು. ಎರಡನೆಯದಾಗಿ, ಕೊರೋನಾ ಕಾಲದ ಪಾಠಕ್ಕೆಂದು ತಂದು ಮೂಲೆಗೆ ಬಿದ್ದಿದ್ದ ಹತ್ತು ಇಂಚಿನ ಟ್ಯಾಬನ್ನು ಒರೆಸಿ, ಅದಕ್ಕೆ ಮುಕ್ತ ಲೈಸೆನ್ಸಿನ ಮಕ್ಕಳ ಕಥೆಗಳನ್ನೂ ಹಕ್ಕು ಮುಗಿದ ಹಳೆಯ ಪುಸ್ತಕಗಳನ್ನೂ ತುಂಬಿದೆವು. ಕೆಲವು ಕಥೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಹೊಲಿದುಕೊಟ್ಟೆವು. ಮೂರನೆಯದಾಗಿ, ಗ್ರಂಥಾಲಯದ ಆ್ಯಪು ತಂಗಿಗೆ. ಅವಳು ಓದಬಲ್ಲವಳು, ಅವಳಿಗೆ ಹದಿನಾಲ್ಕು ದಿನ ಧಾರಾಳ. ಭಾವನವರು ಇಂಗ್ಲಿಷ್ ಪುಸ್ತಕ ಹೆಚ್ಚು ಓದುವವರು. ಅವರಿಗೆ ಕಿಂಡಲ್ ಬೇಕಾದರೆ ತಮ್ಮ ಸಂಬಳದಲ್ಲಿ ತಮಗೆಂದು ಕೊಳ್ಳಲಿ, ಮಗಳ ಹೆಸರು ಹೇಳುವುದು ಬೇಡ. ಅವರು ನಕ್ಕು ಒಪ್ಪಿದರು. ದುಬಾಯಿಯ ತಮ್ಮನಿಗೆ ನಮ್ಮ ಒತ್ತಕ್ಷರದ ವಾಕ್ಯದ ಕಡತವನ್ನು ಕಳುಹಿಸಿದ್ದೇವೆ. ಕೋಬೋದಲ್ಲಿ ಅದು ಸರಿಯಾಗಿ ಕಂಡರೆ ಮುಂದಿನ ರಜೆಗೆ ತರಲಿ. ಆ ಹೊತ್ತಿಗೆ ಹುಡುಗಿ ಆರು ಇಂಚಿನ ಪರದೆಯಲ್ಲಿ ಸರಾಗ ಓದುವಷ್ಟು ಮುಂದೆ ಬಂದಿದ್ದಾಳು.

ಇದೇ ತೀರ್ಪು ಎಲ್ಲ ಮನೆಗಳಿಗೂ ಒಪ್ಪುತ್ತದೆಂದು ನಾವು ಹೇಳುವುದಿಲ್ಲ. ಓದುವವರು ಯಾರು, ಅವರಿಗೆ ಎಷ್ಟು ದಿನ ಬೇಕು, ಪುಸ್ತಕ ಅಕ್ಷರದ್ದೋ ಫೋಟೋದ್ದೋ, ಓದಿದ ಮೇಲೆ ಪಕ್ಕದ ಮನೆಗೆ ಕೊಡಲು ಬರುತ್ತದೋ ಇಲ್ಲವೋ, ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಅಂಗಡಿಯವನ ಮಾತಿಗೆ ಮರುಳಾಗುವುದು ತಪ್ಪುತ್ತದೆ.

ಊರಿಗೆ ಮರಳಿದ ಮೇಲೆ ಶಾಲೆಯ ಗ್ರಂಥಾಲಯಕ್ಕೆಂದು ಮೂರು ಮೆಮೊರಿ ಕಾರ್ಡುಗಳಲ್ಲಿ ಇಂತಹ ಮುಕ್ತ ಪುಸ್ತಕಗಳನ್ನು ತುಂಬಿಸಿದ್ದೇವೆ. ಮನೆಗೆ ಒಯ್ಯುವ ಮಕ್ಕಳಿಗೆ ಗಡುವು ಹಾಕಿಲ್ಲ. ಒಂದೇ ಕರಾರು, ಪಸ್ತಾಪುರದ್ದು: ಹಿಂದಕ್ಕೆ ತರುವಾಗ ಒಂದು ಹೆಚ್ಚು ಇರಬೇಕು. ಮನೆಯ ಹಿರಿಯರಿಂದ ಕೇಳಿದ ಒಂದು ಕಥೆಯನ್ನೋ ಒಗಟನ್ನೋ ಕನ್ನಡದಲ್ಲಿ ಟೈಪು ಮಾಡಿ ಸೇರಿಸಬೇಕು. ಒಂದು ಕಾರ್ಡು ಜಹೀರಾಬಾದಿಗೂ ಹೋಗಿತ್ತು. ಮೊನ್ನೆ ಅದು ಅಂಚೆಯಲ್ಲಿ ಮರಳಿ ಬಂದಿತು. ಒಳಗೆ ಅರ್ಧ ಪುಟದ ಹೊಸ ಕಥೆ. ಹೊಳೆಯಲ್ಲಿ ಮುಳುಗಿದ ದೋಣಿಯನ್ನು ಅಜ್ಜಿಯೊಬ್ಬಳು ಸೀರೆ ಕಟ್ಟಿ ಎಳೆದದ್ದು. ಮೂರು ಕಡೆ ಒತ್ತಕ್ಷರ ತಪ್ಪಿತ್ತು. ಕೆಂಪು ಮಸಿಯಲ್ಲಿ ತಿದ್ದಿ, ಕಾರ್ಡನ್ನು ಮತ್ತೆ ಕಳುಹಿಸಿದೆವು.